ಅರ್ಥಿಂಗ್ ಗುಂಡಿ ತೋಡಿಸುವ ಮುನ್ನ ಪ್ಯಾನೆಲ್ ನೋಡಿ

ಲಿಫ್ಟ್ ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತದೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ ಎಂಬ ದೂರು ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೆ ಮೊದಲು ಹೊಳೆಯುವುದು ಇನ್ನೊಂದು ಅರ್ಥಿಂಗ್ ಗುಂಡಿ. ನಮ್ಮದು ಕಲ್ಲುನೆಲ, ಬೇಸಿಗೆಯಲ್ಲಿ ಗುಂಡಿ ಒಣಗುತ್ತದೆ, ಎಲ್ಲ ನಿಜ. ಆದರೆ ಎಷ್ಟೋ ಸಲ ದೋಷ ಇರುವುದು ಮಣ್ಣಿನಲ್ಲಲ್ಲ, ಮಹಡಿಗಳಿಗೆ ವಿದ್ಯುತ್ ಹಂಚುವ ಪ್ಯಾನೆಲ್‌ನಲ್ಲಿ.

ಕರೆಂಟು ಹಿಂದಿರುಗುವ ನ್ಯೂಟ್ರಲ್ ತಂತಿ ಮತ್ತು ಸೋರಿದ್ದನ್ನು ಒಯ್ಯುವ ಅರ್ಥ್ ತಂತಿ ಕೂಡಬೇಕಾದದ್ದು ವಿದ್ಯುತ್ತಿನ ಮೂಲದಲ್ಲಿ ಮಾತ್ರ. 11 ಕಿಲೋವೋಲ್ಟ್ ಸಂಪರ್ಕವಿದ್ದರೆ ಅದು ನಿಮ್ಮದೇ ಟ್ರಾನ್ಸ್‌ಫಾರ್ಮರ್. ಅಲ್ಲಿ ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕು. ಮುಂದೆ ಮಹಡಿಯ ಪ್ಯಾನೆಲ್‌ನಲ್ಲಿ ಯಾರೋ ಇವೆರಡನ್ನೂ ಮತ್ತೆ ಜೋಡಿಸಿದರೆ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಅರ್ಥ್ ತಂತಿಯಲ್ಲಿ, ಲಿಫ್ಟ್ ಹಳಿಯಲ್ಲಿ, ನೀರಿನ ಪೈಪಿನಲ್ಲಿ ಹರಿಯತೊಡಗುತ್ತದೆ.

ಪತ್ತೆ ಕೆಲಸ ಪರವಾನಗಿ ಇರುವ ಗುತ್ತಿಗೆದಾರರದ್ದೇ. ಸಂಘದವರು ಪಕ್ಕದಲ್ಲಿ ನಿಂತು ಅಳತೆ ಬರೆದುಕೊಳ್ಳಲಿ.

ಮೊದಲು ಲೋಡ್ ಇರುವಾಗಲೇ ಮಹಡಿಗಳಿಗೆ ಮೇಲೇರುವ ಅರ್ಥ್ ಪಟ್ಟಿಗೆ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಉಪಕರಣ) ಹಾಕಿಸಿ. ಎಲ್‌ಇಡಿ, ಕಂಪ್ಯೂಟರ್‌ಗಳಿಂದ ಮಿಲಿಆಂಪಿಯರ್ ಲೆಕ್ಕದ ಸೋರಿಕೆ ಸಹಜ. ಹಲವು ಆಂಪಿಯರ್ ತೋರಿದರೆ ನ್ಯೂಟ್ರಲ್ ಎಲ್ಲೋ ಅರ್ಥ್ ಜೊತೆ ಕೂಡಿದೆ ಎಂದೇ ತಿಳಿಯಿರಿ. ಬಳಿಕ ಒಂದೊಂದು ಮಹಡಿಯ ಕೇಬಲ್‌ನ ಮೂರು ಫೇಸ್ ಮತ್ತು ನ್ಯೂಟ್ರಲ್ ನಾಲ್ಕನ್ನೂ ಒಟ್ಟಿಗೆ ಕ್ಲ್ಯಾಂಪಿನೊಳಗೆ ಹಿಡಿಯಬೇಕು. ಹೋದದ್ದೆಲ್ಲ ಹಿಂದಿರುಗುತ್ತಿದ್ದರೆ ಮೀಟರ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಯಾವ ಮಹಡಿಯಲ್ಲಿ ನಿಲ್ಲುವುದಿಲ್ಲವೋ ಅಲ್ಲೇ ಹುಡುಕಿ. ಸಾಮಾನ್ಯವಾಗಿ ಸಿಗುವುದು ನ್ಯೂಟ್ರಲ್ ಬಾರ್‌ನಿಂದ ಅರ್ಥ್ ಬಾರ್‌ಗೆ ಎಳೆದ ಗೇಣುದ್ದದ ತಂತಿ, ಇಲ್ಲವೇ ಒಳಾಂಗಣ ಅಲಂಕಾರದವರು ಅದಲುಬದಲಾಗಿ ಕೂರಿಸಿದ ನ್ಯೂಟ್ರಲ್, ಅರ್ಥ್ ವೈರ್.

ಖಚಿತಪಡಿಸಿಕೊಳ್ಳಲು ಆ ಮಹಡಿಯ ಸರಬರಾಜು ಪೂರ್ತಿ ಕಡಿದು, ಉಪಕರಣ ಮತ್ತು ಸರ್ಜ್ ರಕ್ಷಕಗಳನ್ನು (ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಸಾಧನ) ಬಿಡಿಸಿ, ನ್ಯೂಟ್ರಲ್ ಕಳಚಿ, ನಿರೋಧ ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ನ್ಯೂಟ್ರಲ್–ಅರ್ಥ್ ನಡುವೆ ಪರೀಕ್ಷಿಸಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪಬೇಡಿ. ಮರುಜೋಡಣೆಯಲ್ಲಿ ನ್ಯೂಟ್ರಲ್ ಬೋಲ್ಟ್ ಸಡಿಲ ಬಿಟ್ಟರೆ ಇನ್ನೊಂದು ಅನಾಹುತ: 230 ವೋಲ್ಟ್‌ನ ಮನೆಗೆ 400ರ ಆಸುಪಾಸು ನುಗ್ಗಿ ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಟ್ರಾನ್ಸ್‌ಫಾರ್ಮರ್ ಬಳಿಯ ಜೋಡಣೆಯನ್ನಂತೂ ಯಾರೂ ಕಳಚಕೂಡದು.

ಉಳಿದದ್ದು ಜನರೇಟರ್. ಅದರ ನ್ಯೂಟ್ರಲ್‌ಗೂ ಅಲ್ಲೇ ಅರ್ಥಿಂಗ್ ಇದ್ದು, ಚೇಂಜ್‌ಓವರ್ (ಎರಡು ಮೂಲಗಳ ನಡುವೆ ಬದಲಿಸುವ ಸ್ವಿಚ್) ಫೇಸ್ ಮಾತ್ರ ಕಡಿಯುವ ಮೂರು ಪೋಲ್‌ನದಾಗಿದ್ದರೆ ಎರಡೂ ಮೂಲಗಳ ನ್ಯೂಟ್ರಲ್ ಸದಾ ಸೇರಿಕೊಂಡೇ ಇರುತ್ತದೆ. ನ್ಯೂಟ್ರಲನ್ನೂ ಕಡಿಯುವ ನಾಲ್ಕು ಪೋಲ್‌ನದು ಹಾಕಿಸಿ. ದುಬಾರಿ, ಆದರೂ ಇಲ್ಲಿ ಚೌಕಾಸಿ ಸಲ್ಲದು. ದುರಸ್ತಿಯ ನಂತರ ಸಂಜೆ ಏಳರ ಲೋಡ್‌ನಲ್ಲಿ ಒಮ್ಮೆ, ಜನರೇಟರ್ ಓಡುವಾಗ ಒಮ್ಮೆ ಅದೇ ಅರ್ಥ್ ಪಟ್ಟಿಯನ್ನು ಮತ್ತೆ ಅಳೆಸಿ, ಆಮೇಲೆ ಬಿಲ್ ಪಾವತಿಸಿ.