ಹುಳು ಹತ್ತಿ ಬರುವುದಿಲ್ಲ, ನಾವೇ ಹೊತ್ತು ತರುತ್ತೇವೆ

ಹೋದ ತಿಂಗಳು ಬೆಂಗಳೂರಿಗೆ ಮೊಮ್ಮಗಳ ಮನೆಗೆ ಹೋಗಿದ್ದೆ. ಎಂಟನೆಯ ಮಹಡಿ, ಹೊಸ ಮನೆ, ಮುಖ ಕಾಣುವಂಥ ನೆಲ. ಸಾರಿಗೆ ಅಲಸಂದೆ ನೆನೆಹಾಕೋಣವೆಂದು ಡಬ್ಬ ತೆಗೆದರೆ ಮುಚ್ಚಳದ ಒಳಗೆಲ್ಲ ಹುಳು. ನಾನು ಮೊರ ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಆ ಹುಡುಗಿ ಜಿರಳೆಗೆ ಹೊಡೆಯುವ ಸ್ಪ್ರೇ ತಂದು ಕಪಾಟಿನ ತುಂಬ ಹೊಡೆದುಬಿಟ್ಟಳು. ಪಕ್ಕದಲ್ಲೇ ಸಕ್ಕರೆ ಡಬ್ಬ ಬಾಯಿ ತೆರೆದುಕೊಂಡು ಕುಳಿತಿದೆ, ಅದರ ಹಿಂದೆ ಮಗುವಿನ ರಾಗಿ ಸರಿ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅನ್ನದ ಜಾಗಕ್ಕೆ ವಿಷ ಹೊಡೆಯುವುದನ್ನು ಯಾರು ಕಲಿಸಿದರು ನಿಮಗೆ? ಆ ಕಪಾಟನ್ನು ಸೋಪಿನ ನೀರಿನಲ್ಲಿ ಎರಡು ಸಲ ಒರೆಸಿ, ತೆರೆದಿಟ್ಟಿದ್ದನ್ನೆಲ್ಲ ಸುರಿಯಬೇಕಾಯಿತು.

"ಎಂಟನೆಯ ಮಹಡಿಗೆ ಹುಳು ಹೇಗೆ ಹತ್ತಿ ಬಂತಜ್ಜಿ?" ಎಂದಳು. ಹತ್ತಿ ಬರಲಿಲ್ಲ ಕಣೇ, ಕಾಳಿನ ಜೊತೆಗೇ ಬಂತು ಎಂದೆ. ಒಂದು ಹಿಡಿ ಅಲಸಂದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಕಾಳಿನ ಮೈಮೇಲೆ ಸುಣ್ಣದ ಚುಕ್ಕೆ ಇಟ್ಟಂತೆ ಬಿಳಿ ಕಲೆಗಳು, ಉಗುರಿನಿಂದ ಕೆರೆದರೂ ಬೇಗ ಬಿಡುವುದಿಲ್ಲ. ಅದೇ ಮೊಟ್ಟೆ. ಎಷ್ಟೋ ಸಲ ಹೊಲದಲ್ಲಿ ಕಾಯಿ ಒಣಗುವಾಗಲೇ ಹುಳು ಬಂದು ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಒಂದು ಹೆಣ್ಣು ನೂರರ ಹತ್ತಿರ ಇಡಬಲ್ಲದು. ಮರಿ ಮೊಟ್ಟೆಯ ತಳದಿಂದಲೇ ನೇರ ಕಾಳಿನೊಳಗೆ ಕೊರೆದುಕೊಂಡು ಹೋಗಿ, ಒಳಗಿನದೆಲ್ಲ ತಿಂದು, ಸೆಕೆಗಾಲದಲ್ಲಿ ಒಂದು ತಿಂಗಳು ತುಂಬುವಷ್ಟರಲ್ಲಿ ದುಂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಿಮ್ಮ ಕಣ್ಣಿಗೆ ಬೀಳುವುದು ಆಗ. ಅಕ್ಕಿಯ ಮೂತಿಹುಳು ಇನ್ನೂ ಕಳ್ಳ. ಕಾಳಿಗೆ ತೂತು ಕೊರೆದು ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಅರಸೀಕೆರೆಯಲ್ಲಿ ನಮ್ಮದು ಮುಂದೆ ದಿನಸಿ ಅಂಗಡಿ, ಹಿಂದೆ ಮನೆ. ಅಂಗಡಿಗೆ ಹುಳು ಬಿದ್ದರೆ ಅದು ವಾರದಲ್ಲಿ ನನ್ನ ಅಡುಗೆಮನೆಗೂ ಬರುತ್ತಿತ್ತು, ಅಡುಗೆಮನೆಗೆ ಬಿದ್ದರೆ ಅಂಗಡಿಗೂ. ಹಾಗಾಗಿ ಮಾವನವರ ಕಟ್ಟುನಿಟ್ಟು ಎರಡೂ ಕಡೆಗೆ ಒಂದೇ. ಹೊಸ ಚೀಲ ಬಂದ ದಿನವೇ ಹಳೆಯ ಚೀಲದ ಪಕ್ಕಕ್ಕೆ ಹೋಗುವಂತಿಲ್ಲ. ಜಗುಲಿಯ ಮೇಲೆ ಬಾಯಿ ಬಿಚ್ಚಿ, ತಳದವರೆಗೆ ಕೈ ಹಾಕಿ ನೋಡಬೇಕು. ಕೈಗೆ ಬಿಸಿ ತಾಗಿದರೆ ಒಳಗೆ ಹುಳು ಇದೆ ಎಂದೇ ಲೆಕ್ಕ, ಗಾಡಿಯವನು ಎಷ್ಟು ಗೊಣಗಿದರೂ ವಾಪಸು. ಚೀಲಗಳು ನೆಲದ ಮೇಲಲ್ಲ, ಹಲಗೆಯ ಮೇಲೆ. ಗೋಡೆಗೆ ಒರಗಿಸುವುದಲ್ಲ, ಪೊರಕೆ ಹಿಡಿದವರು ನಡೆದಾಡುವಷ್ಟು ಜಾಗ ಬಿಟ್ಟು. ಹಳೆಯದು ಮುಗಿಯದೆ ಹೊಸದರ ಹೊಲಿಗೆ ಬಿಚ್ಚುವಂತಿರಲಿಲ್ಲ. ಈಗಿನ ಅಂಗಡಿ, ಹೋಟೆಲುಗಳವರು ತಿಂಗಳಿಗೊಮ್ಮೆ ಔಷಧಿಯವರನ್ನು ಕರೆಸುತ್ತಾರೆ, ಸಂತೋಷ. ಆದರೆ ಹಿಟ್ಟಿನ ಚೀಲದ ಹಿಂದೆ ಮೂರು ವರ್ಷದ ಹಿಟ್ಟು ಹಾಗೇ ಬಿದ್ದಿದ್ದರೆ ಯಾವ ಔಷಧಿ ಏನು ಮಾಡೀತು?

ಈಗ ನನ್ನ ಮುಖ್ಯ ಮಾತು. ಇಡೀ ಕಾಳಿಗೆ ಹರಳೆಣ್ಣೆ ಸವರಿ ಇಡಿ. ಎಲ್ಲರೂ "ಗೊತ್ತು, ಗೊತ್ತು" ಎನ್ನುತ್ತಾರೆ, ಮಾಡುವುದು ಮಾತ್ರ ತಪ್ಪು. ಬಿಸಿಲಿಗೆ ಹಾಕಿ, ಸಂಜೆ ಬಿಸಿಬಿಸಿ ಇರುವಾಗಲೇ ಎಣ್ಣೆ ಸುರಿದು ಡಬ್ಬಕ್ಕೆ ತುಂಬುತ್ತಾರೆ. ಒಳಗೆ ಬೆವರಿ ಮುಗ್ಗಲು ಬರುತ್ತದೆ, ಆಮೇಲೆ ಎಣ್ಣೆಯನ್ನು ಬೈಯುತ್ತಾರೆ.

ಶಿವರಾತ್ರಿ ಕಳೆದ ಮೇಲಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಅವರೆ, ಅಲಸಂದೆ, ಹೆಸರು, ಕಡಲೆ ಯಾವುದಾದರೂ ಸರಿ, ಮೊದಲು ಕೇರಿ, ತೂತು ಬಿದ್ದದ್ದನ್ನು ಆರಿಸಿ ತೆಗೆಯಿರಿ. ಚಾಪೆಯ ಮೇಲೆ ಕಾಳಿನ ಪಕ್ಕ ಕಾಳು ಕೂರುವಂತೆ ತೆಳ್ಳಗೆ ಹರಡಿ ಮೂರು ದಿನ ಒಣಗಿಸಿ. ಗಂಟೆಗೊಮ್ಮೆ ಹೋಗಿ ಕೈಯಾಡಿಸಬೇಕು.

ಕಾಳು ಒಣಗಿತೋ ಇಲ್ಲವೋ ಎಂಬುದನ್ನು ಹಲ್ಲು ಹೇಳಬೇಕು. ಒಂದನ್ನು ಕಡಿದರೆ ಕಟ್ಟೆಂದು ಎರಡಾಗಬೇಕು. ಹಲ್ಲಿನ ಗುರುತು ಬಿದ್ದು ಸುಮ್ಮನಾದರೆ ಇನ್ನೂ ಒಂದು ದಿನದ ಬಿಸಿಲು. ಮೂರನೆಯ ಸಂಜೆ ಒಳಗೆ ತಂದು ಅಗಲವಾಗಿ ಹರಡಿ, ರಾತ್ರಿಯೆಲ್ಲ ಆರಲು ಬಿಡಿ. ಬೆಳಿಗ್ಗೆ ಕಾಳಿನೊಳಗೆ ಕೈ ಹುದುಗಿಸಿದರೆ ತಣ್ಣಗೆ ತಾಗಬೇಕು. ಆಗ ಎಣ್ಣೆ. ಹರಳೆಣ್ಣೆ ಮಂದ, ಬಟ್ಟಲನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೆ ತೆಳುವಾಗುತ್ತದೆ. ಒಂದು ಸೇರು ಕಾಳಿಗೆ ಅಂಗೈ ಗುಳಿ ತುಂಬುವಷ್ಟು ಸಾಕು. ಅದನ್ನು ಕಾಳಿನ ಮೇಲೆ ಸುರಿಯಬೇಡಿ. ನಿಮ್ಮ ಎರಡೂ ಅಂಗೈಗೆ ಹಚ್ಚಿಕೊಂಡು, ಮಗುವಿನ ತಲೆಗೆ ಎಣ್ಣೆ ಒತ್ತುವ ಹಾಗೆ ಕಾಳನ್ನು ಹಿಡಿಹಿಡಿಯಾಗಿ ಉಜ್ಜಿ. ಮೊದಲು ಅಲ್ಲಲ್ಲಿ ಮಾತ್ರ ಹೊಳೆಯುತ್ತದೆ, ಉಜ್ಜುತ್ತಾ ಹೋದಂತೆ ಇಡೀ ರಾಶಿಗೆ ಒಂದೇ ಹೊಳಪು ಬರುತ್ತದೆ. ಹಿಡಿ ತುಂಬ ಕಾಳು ಎತ್ತಿ ಸುರಿದಾಗ ಸರಸರನೆ ಜಾರಬೇಕು, ಒಂದಕ್ಕೊಂದು ಅಂಟಬಾರದು. ಅಂಟಿದರೆ ಎಣ್ಣೆ ಹೆಚ್ಚಾಯಿತೆಂದು ಅರ್ಥ, ಇನ್ನೊಂದಿಷ್ಟು ಒಣಕಾಳು ಸೇರಿಸಿ. ಆ ತೆಳು ಪದರದ ಮೇಲೆ ಹುಳುವಿಗೆ ಮೊಟ್ಟೆ ಅಂಟಿಸಲು ಆಗುವುದಿಲ್ಲ, ಇದ್ದ ಮೊಟ್ಟೆಗೂ ಉಸಿರು ಕಟ್ಟುತ್ತದೆ.

ಅಮ್ಮ ಈ ಕೆಲಸಕ್ಕೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಳ್ಳುತ್ತಿದ್ದಳು. ಉಜ್ಜಿ ಮುಗಿಯುವಷ್ಟರಲ್ಲಿ ನಮ್ಮ ಕೈ ಮೊಣಕೈವರೆಗೆ ಮಿರುಗುತ್ತಿತ್ತು. ಕಾಳನ್ನು ಗುಡಾಣಕ್ಕೆ ತುಂಬಿ, ನಡುನಡುವೆ ನೆರಳಿನಲ್ಲಿ ಒಣಗಿಸಿದ ಬೇವಿನ ಸೊಪ್ಪು, ಒಂದೆರಡು ತುಂಡು ಬಜೆ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತುತ್ತಿದ್ದಳು. ಬಿತ್ತನೆಯ ಕಾಳಿಗೆ ಮಾತ್ರ ಎಣ್ಣೆ ಇಲ್ಲ, ಒಲೆಯ ಬೂದಿ. ಬೇವಿನ ಸೊಪ್ಪನ್ನು ಹಸಿಯಾಗಿಯೇ ಹಾಕುವವರನ್ನು ಕಂಡಿದ್ದೇನೆ. ಅದರ ನೀರಿಗೇ ಕಾಳು ಕೆಡುತ್ತದೆ. ಈಗ ಗುಡಾಣ ಬೇಡ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬವಾದರೂ ಸಾಕು. ಅಡುಗೆಗೆ ಮೊದಲು ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಎಣ್ಣೆಯ ವಾಸನೆ ಉಳಿಯುವುದಿಲ್ಲ. ಒಡೆದ ಬೇಳೆಗೆ ಈ ಹುಳುವಿನ ಕಾಟ ಕಡಿಮೆ, ಅದಕ್ಕೆ ಒಣಬಿಸಿಲು ಸಾಕು. ರವೆ, ಮೈದಾ, ಕಡಲೆಹಿಟ್ಟನ್ನು ಬಿಸಿಲಿಗೂ ಹಾಕಲಾಗದು, ಎಣ್ಣೆಯೂ ಆಗದು. ಅದನ್ನು ತಂದ ದಿನವೇ ಪೊಟ್ಟಣದ ಸಮೇತ ಬಿಗಿಯಾಗಿ ಸುತ್ತಿ ನಾಲ್ಕೈದು ದಿನ ಫ್ರೀಜರ್‌ನಲ್ಲಿಟ್ಟು, ಹೊರಗೆ ತೆಗೆದ ಮೇಲೆ ತಣುಪು ಪೂರ್ತಿ ಆರುವವರೆಗೆ ಬಿಚ್ಚಬೇಡಿ.

ಧಾನ್ಯಕ್ಕೆ ಇಡುವ ಮಾತ್ರೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದು. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಆ ಮಾತ್ರೆ ಗಾಳಿಯ ತೇವಕ್ಕೇ ವಿಷಾನಿಲ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಗೋದಾಮಿನಲ್ಲಿ ಕಲಿತವರು ಬಳಸಲಿ. ಅಂಗಡಿಯ ಹಿಂದೆಯೇ ಮಕ್ಕಳನ್ನು ಮಲಗಿಸಿ ಬೆಳೆಸಿದವಳು ನಾನು, ಒಂದು ದಿನವೂ ಅದನ್ನು ಹೊಸ್ತಿಲು ದಾಟಿಸಲಿಲ್ಲ.

ಜಿರಳೆಯೂ ಹೊತ್ತು ತಂದದ್ದೇ. ಸಾಮಾನು ಬರುವ ರಟ್ಟಿನ ಪೆಟ್ಟಿಗೆಗಳನ್ನು ಮುಂದೆ ಬೇಕಾದೀತೆಂದು ಸಿಂಕಿನ ಕೆಳಗೆ ಪೇರಿಸಿಡುತ್ತೀರಲ್ಲ, ಅದರ ಮಡಿಕೆ ಬಿಡಿಸಿ ನೋಡಿ. ಕಡುಕಂದು ಬಣ್ಣದ, ಒಣ ಅವರೆಕಾಳಿನಷ್ಟು ಗಾತ್ರದ ಚೀಲ ಅಂಟಿಕೊಂಡಿದ್ದರೆ ಅದು ಮೊಟ್ಟೆ, ಒಂದರಲ್ಲೇ 15ರಷ್ಟು ಮರಿ. ಪೆಟ್ಟಿಗೆಯನ್ನು ಬಾಗಿಲಾಚೆಯೇ ಬಿಡಿ. ರಾತ್ರಿ ಸಿಂಕು ಒಣಗಿರಬೇಕು, ಒರೆಸುವ ಬಟ್ಟೆಯನ್ನು ಹಿಂಡಿ ಹರವಿರಬೇಕು. ಅನ್ನ ಸಿಗದಿದ್ದರೂ ಜಿರಳೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯದು. ಆಮೇಲೂ ಕಂಡರೆ ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆ ಕಲಸಿ ಚಿಕ್ಕ ಉಂಡೆ ಮಾಡಿ, ಮಕ್ಕಳ ಕೈಗೂ ನಾಯಿ ಬೆಕ್ಕಿನ ಬಾಯಿಗೂ ಸಿಗದ ಸಂದಿಯಲ್ಲಿಡಿ.

ಇಲಿಗೆ ಪಾಷಾಣಕ್ಕಿಂತ ಮೊದಲು ತೂತು ಹುಡುಕಿ. ಪೆನ್ಸಿಲ್ ಹೋಗುವ ಸಂದಿಯಲ್ಲಿ ಚಿಟ್ಟಿಲಿ ನುಸುಳುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತುರುಕಿ ಮೇಲೆ ಸಿಮೆಂಟು ಮೆತ್ತಿದರೆ ಕಡಿಯಲಾರದು. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಒರೆಸಿ ಸುಮ್ಮನಾಗದೆ ತೇವ ಎಲ್ಲಿಂದ ಬರುತ್ತಿದೆಯೆಂದು ನೋಡಿ, ತಿಳಿದವರನ್ನು ಕರೆಸಿ.

ಮೊಮ್ಮಗಳಿಗೆ ಈ ಸಲ ನಾಲ್ಕು ಸೇರು ಅವರೆ, ಎರಡು ಸೇರು ಅಲಸಂದೆ ಉಜ್ಜಿ ಕಳಿಸಿದ್ದೇನೆ. ಡಬ್ಬಕ್ಕೆ ತಿಂಗಳ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ. ಒಳಗೊಂದು ಒಣ ಪಾವು ಇಟ್ಟಿದ್ದೇನೆ, ಒದ್ದೆ ಕೈ ಹಾಕಬಾರದೆಂದು.