ಮಕ್ಕಳ ಶುಗರ್ ತೀರಾ ಇಳಿದಾಗ: ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ನಾನು ಪಾಲಿಸುವ ಕ್ರಮ

ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಸಕ್ಕರೆ ಕಾಯಿಲೆ) ಇರುವ ಮಗು ಲೋ ಆಗಿ, ಅಂದರೆ ಶುಗರ್ ತೀರಾ ಇಳಿದು, ಎಚ್ಚರ ತಪ್ಪಿತ್ತು ಎಂದು ಮನೆಯವರು ಬಂದರೆ, ಊಟದ ವಿಚಾರಕ್ಕೂ ಮೊದಲು ನಾನು ನೋಡುವುದು ಅವರು ಬಳಸಿದ ಸಿರಿಂಜು ಮತ್ತು ಇನ್ಸುಲಿನ್. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬಾಟಲಿಗಳು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಡ್ಜ್ 100ರದು. ಪೆನ್ನು ಕೆಟ್ಟಿತೆಂದು ಕಾರ್ಟ್ರಿಡ್ಜಿನಿಂದಲೇ 40ರ ಸಿರಿಂಜಿಗೆ ಎಳೆದುಕೊಂಡರೆ, 10ರ ಗೆರೆಯವರೆಗೆ ಬರುವುದು 0.25 ಮಿ.ಲೀ., ಅಂದರೆ 10ರ ಬದಲು 25 ಯೂನಿಟ್. ಸಿರಿಂಜಿನ ಮುಚ್ಚಳ ಕೆಂಪೋ (40ರದು) ಕಿತ್ತಳೆಯೋ (100ರದು) ಎಂಬುದು ಸಂಜೆ ಮಬ್ಬಿನಲ್ಲಿ ಗೊತ್ತಾಗದು. ಸಿರಿಂಜಿನ ಮೇಲಿನ ಅಂಕಿಯನ್ನೂ ಬಾಟಲಿಯ ಅಂಕಿಯನ್ನೂ ಗಟ್ಟಿಯಾಗಿ ಓದಿಸುತ್ತೇನೆ.

ಆಮೇಲೆ ಹೊಟ್ಟೆ, ತೊಡೆ ಮುಟ್ಟಿ ನೋಡುತ್ತೇನೆ. ಒಂದೇ ಕಡೆ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ, ಡೋಸ್ ಏರುತ್ತಾ ಹೋಗಿರುತ್ತದೆ. ಅದೇ ಡೋಸನ್ನು ಹೊಸ ಜಾಗಕ್ಕೆ ಚುಚ್ಚಿದ ದಿನ ಶುಗರ್ ದಢಕ್ಕನೆ ಬೀಳುತ್ತದೆ. ಜಾಗ ಬದಲಿಸುವ ಮುನ್ನ ಡಾಕ್ಟರ ಬಳಿ ಡೋಸ್ ಕಡಿಮೆ ಮಾಡಿಸಿಕೊಳ್ಳಬೇಕು.

ಶುಗರ್ 70 mg/dLಗಿಂತ ಕೆಳಗಿದ್ದು ಮಗು ನುಂಗುವಂತಿದ್ದರೆ ಕೆ.ಜಿ.ಗೆ 0.3 ಗ್ರಾಂ ಗ್ಲೂಕೋಸ್: 20 ಕೆ.ಜಿ.ಗೆ 6 ಗ್ರಾಂ, 50 ಕೆ.ಜಿ.ಗೆ 15 ಗ್ರಾಂ. ಮನೆಯ ಚಮಚ ಒಂದೊಂದೂ ಒಂದೊಂದು ಅಳತೆ, ಹಾಗಾಗಿ ತೂಗಿ ಪುಟ್ಟ ಪೊಟ್ಟಣ ಕಟ್ಟಿಸಿ ಸ್ಕೂಲ್ ಬ್ಯಾಗಿಗೆ ಹಾಕಿಸುತ್ತೇನೆ. 15 ನಿಮಿಷಕ್ಕೆ ಮತ್ತೆ ಟೆಸ್ಟ್, ಏರಿಲ್ಲದಿದ್ದರೆ ಮತ್ತೊಂದು ಪೊಟ್ಟಣ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ.

ಎಚ್ಚರವಿಲ್ಲ, ಅಥವಾ ಫಿಟ್ಸ್ ಬಂದಿದೆ ಎಂದರೆ ಬಾಯಿಗೆ ನೀರು, ಜ್ಯೂಸ್ ಯಾವುದನ್ನೂ ಹನಿಸಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ ಗ್ಲುಕಗಾನ್ (ಲಿವರಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವ ಹಾರ್ಮೋನ್ ಇಂಜೆಕ್ಷನ್) ಕೊಡಬೇಕು: 25 ಕೆ.ಜಿ.ಗಿಂತ ಕಡಿಮೆಯಿದ್ದರೆ ಅರ್ಧ ಮಿ.ಗ್ರಾಂ., ಮೇಲಿದ್ದರೆ 1 ಮಿ.ಗ್ರಾಂ., ತೊಡೆಯ ಹೊರಬದಿಗೆ. ಜೊತೆಗೆ ಕೊಟ್ಟಿರುವ ನೀರನ್ನು ಪುಡಿಯ ಸೀಸೆಗೆ ಹಾಕಿ, ತಿಳಿಯಾಗುವವರೆಗೆ ಆಡಿಸಿ ಎಳೆದುಕೊಳ್ಳಿ. ಎಚ್ಚರವಾದ ಮೇಲೆ ವಾಂತಿ ಸಾಮಾನ್ಯ, ಅದಕ್ಕೇ ಮಗ್ಗುಲಾಗಿ ಮಲಗಿಸುವುದು. ಇಡೀ ದಿನ ಉಪವಾಸವಿದ್ದ ಮಗುವಿಗೆ ಇದು ಅಷ್ಟಾಗಿ ಕೆಲಸ ಮಾಡದು, ಲಿವರಿನಲ್ಲಿ ಸಕ್ಕರೆಯ ದಾಸ್ತಾನೇ ಮುಗಿದಿರುತ್ತದೆ. ಗ್ಲುಕಗಾನ್ ಎಲ್ಲ ಊರಿನ ಮೆಡಿಕಲ್ಲಿನಲ್ಲೂ ಸಿಗುವುದಿಲ್ಲ; ಇಲ್ಲದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ 10% ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, ಕೆ.ಜಿ.ಗೆ 2 ಮಿ.ಲೀ., ರಕ್ತನಾಳಕ್ಕೆ ನಿಧಾನವಾಗಿ. 25%ದ್ದು ಮಾತ್ರ ಕೈಗೆ ಸಿಕ್ಕರೆ 20 ಕೆ.ಜಿ. ಮಗುವಿಗೆ 16 ಮಿ.ಲೀ. ತೆಗೆದು 24 ಮಿ.ಲೀ. ಸ್ಟೆರೈಲ್ ವಾಟರ್ ಬೆರೆಸುತ್ತೇವೆ. 50%ದ್ದನ್ನು ಮಕ್ಕಳ ಹತ್ತಿರಕ್ಕೂ ತರುವುದಿಲ್ಲ. ರಕ್ತನಾಳದಿಂದ ಸೋರಿದರೆ ಸುತ್ತಲಿನ ಮಾಂಸ ಸುಟ್ಟಂತಾಗುತ್ತದೆ.

ಸ್ಪೋರ್ಟ್ಸ್ ಡೇ ಇದ್ದ ದಿನ ಆಟ ಮುಗಿದರೂ ಅಪಾಯ ಮುಗಿದಿರುವುದಿಲ್ಲ, ನಡುರಾತ್ರಿ ಇಳಿಯಬಹುದು. ಮಲಗುವಾಗ ಒಮ್ಮೆ, ರಾತ್ರಿ 2–3ಕ್ಕೆ ಒಮ್ಮೆ ಟೆಸ್ಟ್ ಮಾಡಿ. ಹಾಗೆಂದು ಲೋ ಆಯಿತೆಂಬ ಹೆದರಿಕೆಯಿಂದ ಮರುದಿನದ ಇನ್ಸುಲಿನ್ ಪೂರ್ತಿ ಬಿಡಬೇಡಿ, ಕೀಟೋಆಸಿಡೋಸಿಸ್ (ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ತುಂಬುವ ಅಪಾಯ) ಆಗುತ್ತದೆ. ಎಷ್ಟು ಇಳಿಸಬೇಕೆಂದು ಡಾಕ್ಟರನ್ನು ಕೇಳಿ.