ಜಿಮಾನ್.ಔಟ್ ಏಕೆ ಹುಟ್ಟುವುದಿಲ್ಲ?

ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಎಲ್ಲಿ ಸಮಯ ತಿನ್ನುತ್ತಿದೆ ಎಂದು ತಿಳಿಯಲು ಜಿಪ್ರೊಫ್ ಎಂಬ ಸಾಧನ ಈಗಲೂ ಸಾಕು. ಪ್ರೋಗ್ರಾಂ ಓಡುವಾಗ ಬಿಟ್ಟುಹೋಗುವ ಲೆಕ್ಕದ ಕಡತವೇ ಜಿಮಾನ್.ಔಟ್, ಜಿಪ್ರೊಫ್ ಓದುವುದು ಅದನ್ನೇ. 1982ರ ಹಳೆಯ ಸಾಧನವೆಂದು ಮೂಗು ಮುರಿಯಬೇಡಿ. ಆ ಕಡತ ಹುಟ್ಟದೆ ಹೆಚ್ಚಿನವರು ಎಡವುವುದು ಒಂದೇ ಕಡೆ, ಕಂಪೈಲ್ ಆದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕ್ ಹಂತದಲ್ಲಿ.

1. ಪ್ರತಿ ಕಡತವನ್ನೂ -ಪಿಜಿ ಆಯ್ಕೆ ಕೊಟ್ಟು ಕಂಪೈಲ್ ಮಾಡಿ.

2. ಲಿಂಕ್ ಮಾಡುವಾಗಲೂ ಅದೇ -ಪಿಜಿ ಕೊಡಿ. ಮೇಕ್‌ಫೈಲ್‌ನಲ್ಲಿ ಕಂಪೈಲ್ ಆಯ್ಕೆಗಳ ಸಿಫ್ಲ್ಯಾಗ್ಸ್‌ಗೆ ಸೇರಿಸಿ, ಲಿಂಕ್ ಆಯ್ಕೆಗಳ ಎಲ್‌ಡಿಫ್ಲ್ಯಾಗ್ಸ್ ಮರೆಯುವವರೇ ಹೆಚ್ಚು. ಕಂಪೈಲ್ ಹಂತದ -ಪಿಜಿ ಪ್ರತಿ ಫಂಕ್ಷನ್ನಿನ ಆರಂಭದಲ್ಲಿ ಕರೆಗಳನ್ನು ಎಣಿಸುವ ಎಂಕೌಂಟ್‌ಗೆ ಒಂದು ಕರೆಯನ್ನು ಸೇರಿಸುತ್ತದೆ, ಅಷ್ಟೇ. ಮೇನ್ ಶುರುವಾಗುವ ಮೊದಲೇ ಮಾನ್‌ಸ್ಟಾರ್ಟಪ್ ಎಂಬ ಫಂಕ್ಷನ್ ಅನ್ನು ಕರೆದು, ಲೆಕ್ಕಕ್ಕೆ ಜಾಗ ಕಾದಿರಿಸಿ, ಟೈಮರ್ ಹಚ್ಚುವ ಕೆಲಸ ಜಿಸಿಆರ್‌ಟಿ1.ಒ ಎಂಬ ಆರಂಭಿಕ ಕಡತದ್ದು. ಲಿಂಕ್‌ನಲ್ಲಿ -ಪಿಜಿ ಇಲ್ಲದಿದ್ದರೆ ಅದರ ಬದಲು ಸಾಮಾನ್ಯ ಸಿಆರ್‌ಟಿ1.ಒ ಕೂರುತ್ತದೆ. ಎಂಕೌಂಟ್ ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲೇ ಇರುವುದರಿಂದ ದೋಷದ ಸಂದೇಶವೂ ಬರುವುದಿಲ್ಲ. ಮೀಟರ್ ಹಾಕದೆ ಹೊರಟ ಆಟೊದಂತೆ ಪ್ರೋಗ್ರಾಂ ಸುಮ್ಮನೆ ಓಡುತ್ತದೆ.

ಪರೀಕ್ಷೆ ಸುಲಭ. ಎನ್‌ಎಂ ಆಜ್ಞೆಯಿಂದ ಪ್ರೋಗ್ರಾಂನ ಸಿಂಬಲ್‌ಗಳ, ಎಂದರೆ ಅದರೊಳಗಿನ ಫಂಕ್ಷನ್ ಮುಂತಾದವುಗಳ ಹೆಸರುಗಳ, ಪಟ್ಟಿ ತೆಗೆದು ಜಿಮಾನ್ ಸ್ಟಾರ್ಟ್ ಇರುವ ಸಾಲು ನೋಡಿ. ಅದರ ಮುಂದೆ ದೊಡ್ಡ ಟಿ ಇದ್ದರೆ ಸರಿ, ಸಣ್ಣ ಡಬ್ಲ್ಯು ಇದ್ದರೆ ಮತ್ತೆ ಲಿಂಕ್ ಮಾಡಿ. ಮೇನ್‌ನೊಳಗೆ ನೀವೇ ಮಾನ್‌ಸ್ಟಾರ್ಟಪ್ ಕರೆಯುವ ಅಡ್ಡದಾರಿಯನ್ನು ಅಂತರ್ಜಾಲದಲ್ಲಿ ಬಹಳ ಜನ ಹೇಳಿಕೊಡುತ್ತಾರೆ. ಬೇಡವೇ ಬೇಡ. ಆರಂಭ ಮತ್ತು ಅಂತ್ಯದ ವಿಳಾಸಗಳನ್ನು ನೀವೇ ಕೊಡಬೇಕು, ಕೊನೆಯಲ್ಲಿ ಕಡತ ಬರೆಸುವ ಹೊಣೆಯೂ ನಿಮ್ಮದೇ. ಇನ್ನು ಆಲ್ಪೈನ್ ಕಂಟೇನರ್‌ನಲ್ಲಿ ಹೆಣಗಾಡುತ್ತಿದ್ದರೆ ನಿಲ್ಲಿಸಿ. ಅಲ್ಲಿ ಜಿಲಿಬ್‌ಸಿ ಬದಲು ಇರುವ ಮಸಲ್ ಲೈಬ್ರರಿಯಲ್ಲಿ ಈ ವ್ಯವಸ್ಥೆಯೇ ಇಲ್ಲ.

3. ಪ್ರೋಗ್ರಾಂ ಓಡಿಸಿ, ತಾನಾಗಿ ಮುಗಿಯಲು ಬಿಡಿ. ಜಿಮಾನ್.ಔಟ್ ಬರೆಯುವುದು ಎಕ್ಸಿಟ್ ಆಗುವಾಗ ಮಾತ್ರ. ಕಂಟ್ರೋಲ್-ಸಿ ಒತ್ತಿ ಕೊಂದರೆ ಏನೂ ಸಿಗದು. ಸರ್ವರ್ ಆದರೆ ಮುಗಿಸು ಎನ್ನುವ ಸಿಗ್‌ಟರ್ಮ್ ಸಂಕೇತವನ್ನು ಹಿಡಿದು ಮೇನ್‌ನಿಂದ ಮರಳುವಂತೆ ಬರೆಯಿರಿ. ಕಡತ ಬೀಳುವುದು ಮುಗಿಯುವ ಹೊತ್ತಿಗೆ ಪ್ರೋಗ್ರಾಂ ಯಾವ ಡೈರೆಕ್ಟರಿಯಲ್ಲಿ ನಿಂತು ಕೆಲಸ ಮಾಡುತ್ತಿದೆಯೋ ಅಲ್ಲಿ. ರೂಟ್ ಡೈರೆಕ್ಟರಿಗೆ ಹೋಗಿ ಕೂರುವ ಡೀಮನ್‌ಗಳಿಗೆ, ಎಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಿಗೆ, ಸಾಮಾನ್ಯವಾಗಿ ಅಲ್ಲಿ ಬರೆಯಲು ಅನುಮತಿಯೇ ಇರುವುದಿಲ್ಲ.

4. ಜಿಪ್ರೊಫ್‌ಗೆ ಪ್ರೋಗ್ರಾಂ ಮತ್ತು ಜಿಮಾನ್.ಔಟ್ ಎರಡನ್ನೂ ಕೊಡಿ. -ಬಿ ಆಯ್ಕೆಯನ್ನು ಬಿಡಬೇಡಿ, ಇಲ್ಲದಿದ್ದರೆ ಪುಟಗಟ್ಟಲೆ ವಿವರಣೆ ಸುರಿಯುತ್ತದೆ. ಟೈಮರ್ ಆಗಾಗ ಇಣುಕಿ ಯಾವ ಫಂಕ್ಷನ್ ಓಡುತ್ತಿದೆ ಎಂದು ನೋಡುತ್ತದೆ, ಅದೇ ಸ್ಯಾಂಪಲ್. ಸಾಮಾನ್ಯವಾಗಿ ಒಂದು ಸ್ಯಾಂಪಲ್ ಎಂದರೆ 0.01 ಸೆಕೆಂಡು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಪ್ರೋಗ್ರಾಂನ ಅಂಕಿಗಳನ್ನು ನಂಬಬೇಡಿ. ದೊಡ್ಡ ಇನ್‌ಪುಟ್ ಕೊಟ್ಟು ಕೆಲವು ಸೆಕೆಂಡಾದರೂ ದುಡಿಸಿ. ಡಿಸ್ಕ್‌ಗಾಗಿ ಕಾಯುತ್ತಾ ಕಳೆದ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ.